ಕೈಗಿಂತ ಮೊದಲು ಕಣ್ಣು: ಔಷಧಿ ಗಿಡಗಳ ಜೊತೆ ಸಮಾಧಾನದ ಒಡನಾಟ

ಗದಗ, ಹುಬ್ಬಳ್ಳಿ, ಹಾವೇರಿ ಕಡೆ ಯಾವ ಮನೆಗೆ ಹೋದರೂ ಒಂದೆರಡು ಔಷಧಿ ಗಿಡ ಇದ್ದೇ ಇರುತ್ತವೆ. ಅಂಗಳದಲ್ಲಿ ತುಳಸಿಕಟ್ಟೆ, ಬಚ್ಚಲ ನೀರು ಹೋಗುವ ಕಡೆ ದೊಡ್ಡಪತ್ರೆ, ಕಾಂಪೌಂಡಿನ ಮೂಲೆಯಲ್ಲಿ ಲೋಳಸರ. ದೃಷ್ಟಿ ಆಗಬಾರದು ಅಂತ ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳಸರ ಬೇರೆ. ನೆಗಡಿ, ಕೆಮ್ಮು ಬಂದಾಗ ಓಡಿಹೋಗಿ ನಾಲ್ಕು ಎಲೆ ಹರಿದು ತರುತ್ತೇವೆ. ಕೆಮ್ಮು ಹೋದ ಮೇಲೆ ಗಿಡವೂ ಮರೆತುಹೋಗುತ್ತದೆ. ಆ ಗಿಡಗಳ ಜೊತೆ ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಭಕ್ತಿಯಿಂದ ಕೆಲಸ ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಬೆಳೆಸುವುದು, ಗುರುತಿಸುವುದು, ಕೊಯ್ಯುವುದು, ಒಣಗಿಸುವುದು, ಕುದಿಸುವುದು, ಕುಡಿಯುವುದು, ಕೊನೆಗೆ ಹಂಚುವುದು ಎಲ್ಲವೂ ಇದರಲ್ಲಿದೆ.

ಭಕ್ತಿ ಅಂದಕೂಡಲೇ ಮಂತ್ರ, ತಾಯತ ಅಂದುಕೊಳ್ಳಬೇಡಿ. ಗಿಡದ ವಿಷಯದಲ್ಲಿ ನನ್ನ ಲೆಕ್ಕಕ್ಕೆ ಭಕ್ತಿ ಅಂದರೆ ಗಮನ. ಸ್ನಾನ ಮಾಡಿ ಮುಟ್ಟು, ಮುಸ್ಸಂಜೆಗೆ ಕೀಳಬೇಡ, ಕೇಳಿ ಕೀಳು ಅಂತ ಹಿರಿಯರು ಇಟ್ಟ ನಿಯಮಗಳು ಹೆಚ್ಚುಕಡಿಮೆ ಎಲ್ಲವೂ ಅವಸರದ ಕೈಯನ್ನು ಒಂದು ಗಳಿಗೆ ತಡೆಯುತ್ತವೆ. ಆ ಗಳಿಗೆಯಲ್ಲೇ ತಪ್ಪು ಗಿಡ, ಹುಳ ಬಿದ್ದ ಎಲೆ, ಜಾಸ್ತಿಯಾದ ಅಳತೆ ಕಣ್ಣಿಗೆ ಬೀಳುವುದು. ನಂಬುವವರು ದೇವರ ಹೆಸರು ಹೇಳಿ ಮಾಡಲಿ, ನಂಬದವರು ಸುಮ್ನೆ ಮಾಡಲಿ. ಎರಡೂ ನಡೆಯುತ್ತದೆ.

ಇಲ್ಲಿ ಯಾವ ರೋಗಕ್ಕೂ ಔಷಧಿ ಹೇಳಿಲ್ಲ. ಹಾವು ಕಚ್ಚಿದರೆ, ಮೂಳೆ ಮುರಿದರೆ, ಎದೆ ನೋವು ಬಂದರೆ ನೇರ ಆಸ್ಪತ್ರೆಗೆ ಹೋಗಬೇಕು. ಕಾಮಣಿ, ಅಂದರೆ ಕಾಮಾಲೆ, ಆಯಿತು ಅಂತ ಎಲೆಯ ರಸ ಹುಡುಕಿಕೊಂಡು ಹೋಗುವವರು ನಮ್ಮ ಕಡೆ ಇನ್ನೂ ಬಹಳ ಜನ ಇದ್ದಾರೆ. ಮೊದಲು ರಕ್ತ ಪರೀಕ್ಷೆ ಆಗಲಿ, ಉಳಿದದ್ದು ಆಮೇಲೆ.

ಹೆಜ್ಜೆ 1: ಹೊತ್ತು ಗೊತ್ತು ಮಾಡಿಕೊಳ್ಳಿ

ಬೆಳಿಗ್ಗೆ ಹದಿನೈದು ನಿಮಿಷ ಸಾಕು. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುವ ಹೊತ್ತು ಇದೆಯಲ್ಲ, ಅದಕ್ಕೇ ಇದನ್ನು ಹೊಂದಿಸಿಕೊಂಡರೆ ಬೇರೆ ಪುರುಸೊತ್ತು ಹುಡುಕಬೇಕಾಗಿಲ್ಲ. ಮನೆಯಲ್ಲಿ ಲಿಂಗಪೂಜೆ ಇದ್ದರೆ ಪತ್ರಿ ತರಲು ಹೋಗುವ ಹೊತ್ತೂ ಆಗಬಹುದು. ಮೊಬೈಲ್ ಒಳಗೇ ಇರಲಿ. ಫೋಟೋ ತೆಗೆಯಬೇಕು ಅಂದರೆ ಎಲ್ಲ ಮುಗಿದ ಮೇಲೆ ಹೋಗಿ ತೆಗೆಯಿರಿ. ಕ್ಯಾಮೆರಾ ಕೈಯಲ್ಲಿದ್ದರೆ ಗಿಡಕ್ಕಿಂತ ಫೋಟೋ ಚೆನ್ನಾಗಿ ಬಂತಾ ಅನ್ನುವುದೇ ಮುಖ್ಯ ಆಗಿಬಿಡುತ್ತದೆ.

ಹೆಜ್ಜೆ 2: ಒಂದೇ ಗಿಡದಿಂದ ಶುರು ಮಾಡಿ

ನರ್ಸರಿಗೆ ಹೋಗಿ ಒಂದೇ ದಿನ ಇಪ್ಪತ್ತು ಸಸಿ ತರಬೇಡಿ. ಒಂದು ಗಿಡ ತನ್ನಿ. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಅದರ ಜೊತೆ ಕಳೆಯಿರಿ. ನನ್ನನ್ನು ಕೇಳಿದರೆ ಮೊದಲಿಗೆ ತುಳಸಿ ಅಥವಾ ದೊಡ್ಡಪತ್ರೆ. ಎರಡೂ ತಾಳಿಕೊಳ್ಳುವ ಗಿಡಗಳು, ಎರಡರ ಗುರುತೂ ಸುಲಭ. ಒಂದೆಲಗ ಒಳ್ಳೆಯದೇ, ಆದರೆ ಅದಕ್ಕೆ ಯಾವಾಗಲೂ ತೇವ ಬೇಕು. ಗದಗ ಕಡೆಯ ಏಪ್ರಿಲ್ ಬಿಸಿಲಿಗೆ ನೆರಳಿಲ್ಲದ ಕುಂಡದಲ್ಲಿ ಅದು ಉಳಿಯುವುದು ಕಷ್ಟ. ನಳದ ಕೆಳಗೋ ಬಚ್ಚಲ ಗೋಡೆಯ ನೆರಳಿಗೋ ಜಾಗ ಇದ್ದರೆ ಮಾತ್ರ ಹಚ್ಚಿ. ಅಮೃತಬಳ್ಳಿಯನ್ನು ಮೊದಲ ಗಿಡವಾಗಿ ನಾನು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಇನ್ನು ಮಣ್ಣು. ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಹೊಲಕ್ಕೆ ಬಂಗಾರ, ಕುಂಡಕ್ಕೆ ಅಲ್ಲ. ಮಳೆಗೆ ಉಬ್ಬಿ ನೀರು ಹಿಡಿಯುತ್ತದೆ, ಬಿಸಿಲಿಗೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಲೋಳಸರ, ಹಿರೇಮದ್ದು ಅಂದರೆ ಅಶ್ವಗಂಧ, ಇವುಗಳ ಬೇರು ನೀರು ನಿಂತರೆ ಕೊಳೆಯುತ್ತದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಹಾಕಿ. ಕುಂಡದ ತಳದ ತೂತಿನ ಮೇಲೆ ಒಂದು ಹಂಚಿನ ಚೂರು ಇಡಿ. ಹಸಿ ಸಗಣಿ ಹಾಕಬೇಡಿ, ಬೇರು ಸುಡುತ್ತದೆ.

ಮಣ್ಣನ್ನು ಕೈಯಿಂದಲೇ ಕಲಸಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಮಣ್ಣು ಹದ ಮಾಡಿದ ನೆನಪು ಇರುವವರಿಗೆ ಬೇರೆ ಹೇಳಬೇಕಾಗಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಅದೇ ಹದ.

ನೀರಿನ ಮಾತು ಬಂದರೆ ನಮ್ಮೂರುಗಳಲ್ಲಿ ಎಲ್ಲರಿಗೂ ನಗು ಬರುತ್ತದೆ. ನಳ ವಾರಕ್ಕೊಮ್ಮೆ ಬರುವ ಓಣಿಗಳಲ್ಲಿ ಗಿಡಕ್ಕೆ ಬೇರೆ ನೀರು ಎಲ್ಲಿಂದ ತರುವುದು? ಅಕ್ಕಿ, ಬೇಳೆ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಒಂದು ಬಕೆಟ್‌ಗೆ ತುಂಬಿಡಿ. ಉಪ್ಪು, ಸೋಪು ಬಿದ್ದ ನೀರು ಬೇಡ. ಹಾಕುವ ಮುಂಚೆ ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ. ತಣ್ಣಗಿದ್ದರೆ ಇವತ್ತು ಬೇಡ. ದಿನಾ ಇಂಥ ಹೊತ್ತಿಗೆ ಇಷ್ಟು ಚೆಂಬು ಅನ್ನುವ ಲೆಕ್ಕಕ್ಕಿಂತ ಈ ಬೆರಳಿನ ಲೆಕ್ಕ ಒಳ್ಳೆಯದು. ನೀರೂ ಉಳಿಯುತ್ತದೆ.

ಹೆಜ್ಜೆ 3: ಗಿಡದ ಮುಂದೆ ಕೂರುವುದು

ಈ ಒಡನಾಟದ ತಿರುಳು ಇದೇ. ಇದನ್ನು ಬಿಟ್ಟು ನೇರ ಕಷಾಯಕ್ಕೆ ಹಾರುವವರೇ ಜಾಸ್ತಿ. ನೀವು ಹಾಗೆ ಮಾಡಬೇಡಿ.

ಗಿಡದ ಮುಂದೆ ಮಣೆ ಹಾಕಿಕೊಂಡು ಕೂಡಿ. ಗಿಡ ಕಣ್ಣಿನ ಮಟ್ಟಕ್ಕೆ ಇರಲಿ. ಮೊದಲು ಉಸಿರು. ಐದಾರು ಉಸಿರು ಸುಮ್ನೆ ಒಳಗೆ ಹೊರಗೆ, ಎಣಿಸುವ ಹಟ ಬೇಡ. ಓಂ ನಮಃ ಶಿವಾಯ ಅನ್ನುವ ರೂಢಿ ಇದ್ದವರು ಅದನ್ನೇ ಉಸಿರಿನ ಜೊತೆ ಹೇಳಿಕೊಳ್ಳಲಿ.

ಆಮೇಲೆ ಕಣ್ಣು. ಇಡೀ ಗಿಡವನ್ನು ನೋಡಬೇಡಿ, ಒಂದು ಎಲೆ ಹಿಡಿಯಿರಿ. ದೊಡ್ಡಪತ್ರೆ ಇದ್ದರೆ ಅದರ ಅಂಚಿನ ಗರಗಸ ನೋಡಿ. ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೈತುಂಬ ಸಣ್ಣ ಬಿಳಿ ಕೂದಲು ಕಾಣುತ್ತದೆ. ತಿರುಗಿಸಿದರೆ ಹಿಂದಿನ ನರಗಳು ಉಬ್ಬಿ ನಿಂತಿರುತ್ತವೆ. ತುಳಸಿ ಇದ್ದರೆ ದಂಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಹೊರಳಿಸಿ. ದುಂಡಗೆ ಉರುಳುವುದಿಲ್ಲ, ನಾಲ್ಕು ಮೂಲೆ ಬೆರಳಿಗೆ ಹತ್ತುತ್ತವೆ. ದೊಡ್ಡಪತ್ರೆಯ ಎಳೆ ದಂಟೂ ಹಾಗೇ. ಶಿವನಿಗೆ ಏರಿಸುವ ತುಂಬೆಯದೂ ಹಾಗೇ. ಮೂರೂ ಒಂದೇ ಕುಲದ ಗಿಡಗಳು. ಇದನ್ನು ಯಾವ ಪುಸ್ತಕವನ್ನೂ ತೆರೆಯದೆ ನಿಮ್ಮ ಬೆರಳೇ ನಿಮಗೆ ಹೇಳಿತು.

ಮೂರನೆಯದು ವಾಸನೆ. ಎಲೆ ಹರಿಯಬೇಡಿ, ಗಿಡದ ಮೇಲೇ ಇದ್ದಂತೆ ಸ್ವಲ್ಪ ಉಜ್ಜಿ ಬೆರಳು ಮೂಸಿ. ದೊಡ್ಡಪತ್ರೆ ಅಜವಾನದ ವಾಸನೆ ಹೊಡೆಯುತ್ತದೆ, ತುಳಸಿಯಲ್ಲಿ ಲವಂಗದ ಎಳೆ ಸಿಗುತ್ತದೆ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನದ ಬಿಸಿಲಿನ ನಂತರ ಒಂದು ಸಲ ಮೂಸಿ ನೋಡಿ. ಎಲೆಯ ವಾಸನೆ ಅದರ ಎಣ್ಣೆಯಿಂದ ಬರುವುದು, ಆ ಎಣ್ಣೆ ಬಿಸಿಲಿಗೆ ಆವಿಯಾಗುತ್ತದೆ. ಬೆಳಿಗ್ಗೆ ಕೊಯ್ಯಬೇಕು ಅಂತ ಯಾಕೆ ಹೇಳುತ್ತಾರೆ ಅನ್ನುವುದು ಆಗ ಮೂಗಿಗೇ ತಿಳಿಯುತ್ತದೆ.

ಕೊನೆಗೆ ರುಚಿ, ಅದೂ ನೂರಕ್ಕೆ ನೂರು ಗುರುತು ಸಿಕ್ಕ ಗಿಡದ್ದು ಮಾತ್ರ. ಇದಕ್ಕೆ ಮಜಾ ಇರುವ ಒಂದು ಅಭ್ಯಾಸ ಹೇಳುತ್ತೇನೆ. ನಂಬಿಕಸ್ಥ ನರ್ಸರಿಯಿಂದ ಮಧುನಾಶಿನಿ ಬಳ್ಳಿ ತಂದಿದ್ದರೆ ಅದರ ಒಂದು ಎಲೆಯನ್ನು ಒಂದೆರಡು ನಿಮಿಷ ಅಗಿದು, ನಾಲಿಗೆ ಮೇಲೆಲ್ಲ ಆಡಿಸಿ ಉಗುಳಿ. ಈಗ ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಮರಳು ತಿಂದಂತೆ ಇರುತ್ತದೆ, ಸಿಹಿಯೇ ಇಲ್ಲ. ಎಲೆಯಲ್ಲಿರುವ ಅಂಶ ನಾಲಿಗೆಯಲ್ಲಿ ಸಿಹಿ ಹಿಡಿಯುವ ಜಾಗಗಳನ್ನು ಮುಚ್ಚಿಬಿಟ್ಟಿರುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಯಾಗುತ್ತದೆ. ಮಕ್ಕಳ ಮುಂದೆ ಮಾಡಿ ತೋರಿಸಿದರೆ ಅವರು ಆ ಗಿಡವನ್ನು ಜನ್ಮದಲ್ಲಿ ಮರೆಯುವುದಿಲ್ಲ. ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಈ ಎಲೆ ನುಂಗಬಾರದು. ಗುಳಿಗೆ, ಎಲೆ ಎರಡೂ ಸೇರಿ ಸಕ್ಕರೆ ಅಂಶವನ್ನು ಜಾಸ್ತಿ ಇಳಿಸಬಹುದು.

ಒಂದು ನೋಟ್‌ಬುಕ್ ಇಡಿ. ತಾರೀಖು, ಯಾವ ಗಿಡ, ಇವತ್ತು ಹೊಸದಾಗಿ ಏನು ಕಂಡಿತು. ಒಂದು ಸಾಲು ಸಾಕು. "ತುಳಸಿ ಚೆನ್ನಾಗಿದೆ" ಅಂತ ಬರೆದರೆ ಉಪಯೋಗವಿಲ್ಲ. "ಕೆಳಗಿನ ಎಲೆ ಹಳದಿ, ಮಂಜರಿ ಬಂದಿದೆ, ಸಣ್ಣ ಇರುವೆ ಹತ್ತಿವೆ" ಅಂತ ಬರೆಯಿರಿ.

ಹೆಜ್ಜೆ 4: ಗುರುತು ಖಾತ್ರಿ ಮಾಡಿಕೊಳ್ಳುವುದು

ಚರಕ ಸಂಹಿತೆಯಲ್ಲಿ ನನಗೆ ಬಹಳ ಇಷ್ಟವಾದ ಮಾತೊಂದಿದೆ. ಗಿಡಮೂಲಿಕೆಗಳ ಹೆಸರು, ರೂಪ ಗೊತ್ತಿರುವುದು ಕಾಡಿನಲ್ಲಿ ಆಡು ಕಾಯುವವರಿಗೆ, ಕುರಿ ಕಾಯುವವರಿಗೆ, ದನ ಕಾಯುವವರಿಗೆ ಅನ್ನುತ್ತದೆ ಅದು. ಹೆಸರು, ರೂಪ ಗೊತ್ತಾದ ಮಾತ್ರಕ್ಕೆ ಬಳಸುವುದು ಗೊತ್ತಾಗಲಿಲ್ಲ ಅಂತಲೂ ಅಲ್ಲೇ ಎಚ್ಚರಿಸುತ್ತದೆ. ಎರಡೂ ನಮಗೆ ಬೇಕು. ಮುಂಡರಗಿ, ಶಿರಹಟ್ಟಿ ಕಡೆ ಕುರಿಹಿಂಡಿನ ಹಿಂದೆ ನಡೆಯುವವರ ಜೊತೆ ಒಂದು ಹೊತ್ತು ಮಾತಾಡಿ ನೋಡಿ. ಯಾವ ಎಲೆ ಕುರಿ ಮುಟ್ಟುವುದಿಲ್ಲ, ಯಾವುದು ತಿಂದರೆ ಹೊಟ್ಟೆ ಉಬ್ಬುತ್ತದೆ ಅಂತ ಅವರಿಗೆ ಬಾಯಿಪಾಠ. ನೆಲನೆಲ್ಲಿ ತೋರಿಸಿ ಅಂದಾಗ ಹಿರಿಯ ಕುರಿಗಾರರೊಬ್ಬರು ನನಗೆ ಹೇಳಿದ್ದು ಇಷ್ಟೇ: "ಮ್ಯಾಲ ಏನ್ ನೋಡ್ತೀರಿ, ಎಲಿ ಕೆಳಗ ನೋಡ್ರಿ."

ಅದೇ ಸರಿಯಾದ ಗುರುತು. ನೆಲನೆಲ್ಲಿಯ ಕಡ್ಡಿಯನ್ನು ಮಗುಚಿ ಹಿಡಿದರೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಕಾಯಿಗಳು ಎಲೆಗಳ ಕೆಳಗೆ ಸಾಲಾಗಿ ಇರುತ್ತವೆ. ದಂಟು ಮುರಿದರೆ ಹಾಲು ಬರಬಾರದು. ಬಿಳಿ ಹಾಲು ಒಸರಿದರೆ ಅದು ಬೇರೆ ಗಿಡ. ನೆಲನೆಲ್ಲಿಯಲ್ಲೂ ಹತ್ತಿರದ ಜಾತಿಗಳು ಹಲವು ಇವೆ, ಆದ್ದರಿಂದ ಇಷ್ಟಕ್ಕೇ ಖಾತ್ರಿ ಅಂದುಕೊಳ್ಳಬೇಡಿ.

ನಾನು ಪಾಲಿಸುವ ನಿಯಮ ಹೀಗಿದೆ. ಹೊಸ ಗಿಡ ಬಾಯಿಗೆ ಹೋಗುವ ಮುಂಚೆ ಮೂರು ಕಡೆ ಒಪ್ಪಿಗೆ ಸಿಗಬೇಕು: ಗಿಡ ಬಲ್ಲ ಹಿರಿಯರು, ಒಳ್ಳೆಯ ಚಿತ್ರ ಇರುವ ಪುಸ್ತಕ, ಆಯುರ್ವೇದ ಕಲಿತ ವೈದ್ಯರು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ ಆಯುರ್ವೇದ ಕಾಲೇಜುಗಳಿವೆ. ಹೂವು, ಕಾಯಿ, ಎಲೆ ಮೂರೂ ಇರುವ ರೆಂಬೆ ಒಯ್ದು ತೋರಿಸಿ. ಬರೀ ಎಲೆ ತೋರಿಸಿ ಹೆಸರು ಕೇಳಿದರೆ ಗೊತ್ತಿದ್ದವರೂ ಎಡವುತ್ತಾರೆ. ಮೊಬೈಲ್ ಆ್ಯಪ್ ಹೇಳಿದ ಹೆಸರನ್ನು ನಂಬಿ ಏನನ್ನೂ ಕುಡಿಯಬೇಡಿ.

ಎದುರಿಗೆ ಬಂದರೆ ಕೈ ಮುಗಿದು ಮುಂದೆ ಹೋಗಬೇಕಾದ ಗಿಡಗಳೂ ಇವೆ. ದತ್ತೂರಿ, ಗುಲಗಂಜಿ, ಕಣಗಿಲ. ಮೂರೂ ದೇವರ ಹತ್ತಿರ ಕಾಣುವ ಗಿಡಗಳೇ, ಮೂರೂ ವಿಷ. ಗುಲಗಂಜಿ ಬೀಜವನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಪೆಟ್ಟು. ಹನುಮಪ್ಪನಿಗೆ ಎಕ್ಕದ ಮಾಲೆ ಕಟ್ಟುವವರು ಆಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬಾರದು.

ಹೆಜ್ಜೆ 5: ಕೇಳಿ ಕೊಯ್ಯುವುದು

ಔಷಧಿ ತರುವವನು ಸ್ನಾನ ಮಾಡಿ, ಬಿಳಿ ಬಟ್ಟೆ ಉಟ್ಟು, ಉಪವಾಸ ಇದ್ದು, ದೇವತೆಗಳನ್ನು ಪೂಜಿಸಿ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೀಳಬೇಕು ಅಂತ ಚರಕ ಹೇಳುತ್ತಾನೆ. ಸುಡುಗಾಡು, ಹುತ್ತ, ಸವುಳು ನೆಲ ಇಂಥ ಕಡೆ ಬೆಳೆದದ್ದು ಬೇಡ ಅಂತಲೂ ಇದೆ. ಇವತ್ತಿಗೆ ಆ ಪಟ್ಟಿಗೆ ಇನ್ನಷ್ಟು ಸೇರಿಸಬೇಕು. ಹೈವೇ ಬದಿ, ಗಟಾರದ ದಂಡೆ, ಎಣ್ಣೆ (ಕೀಟನಾಶಕ) ಹೊಡೆದ ಹತ್ತಿ ಹೊಲದ ಬದು, ಕಾರ್ಖಾನೆ ನೀರು ಬರುವ ಹಳ್ಳ. ಬದುವಿನಲ್ಲಿ ಎಷ್ಟೇ ಸೊಗಸಾದ ನೆಲನೆಲ್ಲಿ ಕಂಡರೂ ಪಕ್ಕದ ಹೊಲಕ್ಕೆ ಯಾವಾಗ ಎಣ್ಣೆ ಹೊಡೆದರು ಅಂತ ಕೇಳದೆ ಮುಟ್ಟಬೇಡಿ.

ಮನೆಯಲ್ಲಿ ಮಾಡುವುದು ಸರಳ. ಕೈಕಾಲು ತೊಳೆದುಕೊಳ್ಳಿ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುಂಚೆ ಹೋಗಿ. ಗಿಡದ ಬುಡಕ್ಕೆ ಸ್ವಲ್ಪ ನೀರು ಹಾಕಿ. ಯಾಕೆ ಬಂದಿದ್ದೀರಿ ಅಂತ ಹೇಳಿ. ನಮ್ಮ ಕಡೆ ಅಜ್ಜಿಯರು "ಯವ್ವಾ, ಮೊಮ್ಮಗನಿಗೆ ಕೆಮ್ಮು ಬಂದೈತಿ, ನಾಕು ಎಲಿ ಒಯ್ತೀನಿ" ಅಂತ ಗಿಡದ ಜೊತೆ ಮಾತಾಡಿಯೇ ಕೈ ಹಾಕುತ್ತಿದ್ದರು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಯಾರಿಗೆ, ಯಾವ ತೊಂದರೆಗೆ, ಎಷ್ಟು ಎಲೆ ಎಂಬ ಮೂರೂ ಆ ಮಾತಿನಲ್ಲಿವೆ. ಮೂರಕ್ಕೂ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಅವತ್ತು ಕೊಯ್ಯುವ ಅಗತ್ಯವೂ ಇಲ್ಲ.

ಅಳತೆ ಹೀಗಿರಲಿ. ಎಲೆಯಾದರೆ ಒಂದು ಗಿಡದಿಂದ ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಎಳೆದು ಹರಿಯಬೇಡಿ, ಉಗುರಿನಿಂದಲೋ ಕತ್ತರಿಯಿಂದಲೋ ಗೆಣ್ಣಿನ ಮೇಲೆ ಚಿವುಟಿ. ತುಳಸಿಯ ತುದಿ ಹೀಗೆ ಚಿವುಟಿದರೆ ಪಕ್ಕದಿಂದ ಎರಡು ಕವಲು ಒಡೆಯುತ್ತವೆ. ದ್ವಾದಶಿ ದಿನ, ಸಂಜೆ ಹೊತ್ತು ತುಳಸಿ ಕೀಳುವುದಿಲ್ಲ ಅನ್ನುವ ಮನೆಗಳು ಆ ರೂಢಿ ಬಿಡಬೇಕಾಗಿಲ್ಲ, ಗಿಡಕ್ಕೂ ಒಂದು ರಜೆ.

ತೊಗಟೆಯ ವಿಷಯದಲ್ಲಿ ಬಹಳ ಎಚ್ಚರ. ಮರ ಎಲೆಯಲ್ಲಿ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಿಂದಲೇ. ಕಾಂಡದ ಸುತ್ತಲೂ ಸುಲಿದರೆ ಬೇರು ಉಪವಾಸ ಬಿದ್ದು ಇಡೀ ಮರ ಸಾಯುತ್ತದೆ. ತೊಗಟೆ ಬೇಕೇ ಬೇಕು ಅಂದರೆ ಕೊಂಬೆ ಸವರಿದಾಗ ಆ ಕೊಂಬೆಯದು ತೆಗೆದುಕೊಳ್ಳಿ. ಬೇರು ಅಂದರೆ ಗಿಡವೇ ಹೋದಂತೆ, ಹಾಗಾಗಿ ನೀವೇ ಬೆಳೆದ ಗಿಡದ ಬೇರು ಮಾತ್ರ ಅಗೆಯಿರಿ. ಮೊದಲು ಬೀಜ ತೆಗೆದಿಟ್ಟು ಆಮೇಲೆ ಗುದ್ದಲಿ ಹಿಡಿಯಿರಿ.

ಯಾವ ಭಾಗ ಯಾವಾಗ ಅನ್ನುವುದಕ್ಕೂ ಚರಕನಲ್ಲಿ ಲೆಕ್ಕ ಇದೆ. ಚಿಗುರು, ಎಲೆ ಮಳೆಗಾಲ ಮತ್ತು ವಸಂತದಲ್ಲಿ. ತೊಗಟೆ, ಗಡ್ಡೆ, ಹಾಲು ಶರದೃತುವಿನಲ್ಲಿ. ಬೇರು ಬೇಸಿಗೆ ಅಥವಾ ಶಿಶಿರದಲ್ಲಿ. ಹೂವು, ಹಣ್ಣು ಅದರದರ ಕಾಲಕ್ಕೆ. ನಮ್ಮ ಮಸಾರಿ ನೆಲದಲ್ಲಿ ಹಿರೇಮದ್ದನ್ನು ಜುಲೈ, ಆಗಸ್ಟ್‌ನಲ್ಲಿ ಬಿತ್ತಿದರೆ ಐದಾರು ತಿಂಗಳಿಗೆ, ಅಂದರೆ ಜನವರಿ ಹೊತ್ತಿಗೆ, ಎಲೆ ಒಣಗಿ ಕಾಯಿ ಕೆಂಪಾಗುತ್ತದೆ. ಬೇರು ಅಗೆಯುವ ಕಾಲ ಅದೇ. ಪುಸ್ತಕದ ಶಿಶಿರ ಹೊಲದಲ್ಲೂ ಅದೇ ತಿಂಗಳಿಗೆ ಬಂದು ನಿಲ್ಲುತ್ತದೆ.

ಹೆಜ್ಜೆ 6: ಕಪ್ಪತಗುಡ್ಡಕ್ಕೆ ಹೋದರೆ ಬರಿಗೈಯಲ್ಲೇ ಬನ್ನಿ

ಎಪ್ಪತ್ತು ಗಿರಿ ನೋಡುವ ಬದಲು ಕಪ್ಪತಗಿರಿ ನೋಡು ಅನ್ನುತ್ತಾರೆ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡದ ಹೆಸರು ಔಷಧಿ ಸಸ್ಯಗಳಿಂದಲೇ ದೊಡ್ಡದು. ಗುಡ್ಡವನ್ನು ಉಳಿಸಿಕೊಳ್ಳಲು ಊರೇ ಬೀದಿಗಿಳಿದದ್ದೂ ಇದೆ. ಸರ್ಕಾರ ಗುಡ್ಡಕ್ಕೆ ಸಂರಕ್ಷಿತ ಪ್ರದೇಶದ ಪಟ್ಟ ಕೊಟ್ಟು ಹಿಂದೆಗೆದುಕೊಂಡಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹೋರಾಟ ನಡೆಯಿತು. 2017ರಲ್ಲಿ ಆ ಪಟ್ಟ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮ ಆಯಿತು. ಮಠ ಗಿಡಕ್ಕಾಗಿ ಬೀದಿಗೆ ಬಂದ ನೆಲ ಇದು. ಅಧ್ಯಾತ್ಮಕ್ಕೂ ಔಷಧಿಗೂ ಏನು ಸಂಬಂಧ ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ವನ್ಯಜೀವಿಧಾಮ ಅಂದಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಅಲ್ಲಿಂದ ಎಲೆ, ಬೇರು, ತೊಗಟೆ ತರುವಂತಿಲ್ಲ. "ಒಂದು ಹಿಡಿ ತಾನೆ" ಅನ್ನಬೇಡಿ. ಗುಡ್ಡದ ಗುಡಿಯಲ್ಲಿರುವ ಮಲ್ಲಯ್ಯನ ದರ್ಶನಕ್ಕೆ ಬಂದ ಎಲ್ಲರೂ ಒಂದೊಂದು ಹಿಡಿ ಒಯ್ದರೆ ಗುಡ್ಡ ಎಷ್ಟು ದಿನ ತಡೆದೀತು, ಅಲ್ವಾ?

ಹೋಗಲು ಒಳ್ಳೆಯ ಕಾಲ ಸೆಪ್ಟೆಂಬರಿನಿಂದ ನವೆಂಬರ್. ಮಳೆ ಬಿದ್ದು ಎಲ್ಲ ಹಸಿರಾಗಿರುತ್ತದೆ, ಹೂವು ಇರುವುದರಿಂದ ಗುರುತೂ ಸುಲಭ. ಎಲ್ಲಿಗೆ ಬಿಡುತ್ತಾರೆ, ಎಷ್ಟು ಹೊತ್ತಿನವರೆಗೆ ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಳ್ಳಿ. ಕಾಲುದಾರಿ ಬಿಡಬೇಡಿ. ಊದಿನಕಡ್ಡಿ, ಕರ್ಪೂರವನ್ನು ಗುಡಿಯ ಹೊರಗೆ ಎಲ್ಲೂ ಹಚ್ಚಬೇಡಿ, ಬೀಡಿ ಸಿಗರೇಟಂತೂ ಬೇಡವೇ ಬೇಡ. ಚಳಿ ಮುಗಿದ ಮೇಲೆ ಒಣಹುಲ್ಲಿಗೆ ಒಂದು ಕಿಡಿ ಬಿದ್ದರೆ ಅಲ್ಲಿಯ ಗಾಳಿಗೆ ಬೆಂಕಿ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗುವುದಿಲ್ಲ. ಆ ಗಾಳಿ ಎಷ್ಟು ಜೋರು ಅನ್ನುವುದಕ್ಕೆ ಸುತ್ತ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ.

ಒಂದು ಗಿಡದ ಹತ್ತಿರ ನಿಂತು ಮೂರನೇ ಹೆಜ್ಜೆಯ ಅಭ್ಯಾಸವನ್ನು ಮಾಡಿ, ರುಚಿ ನೋಡುವುದೊಂದನ್ನು ಬಿಟ್ಟು. ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬಿಡಿಸಿ. ಚಿತ್ರ ಬರುವುದಿಲ್ಲ ಅನ್ನಬೇಡಿ, ಸೊಟ್ಟ ಚಿತ್ರ ಬಿಡಿಸಲಿಕ್ಕೂ ಎಲೆಯನ್ನು ಸರಿಯಾಗಿ ನೋಡಬೇಕಾಗುತ್ತದೆ.

ಹೆಜ್ಜೆ 7: ಒಣಗಿಸುವುದು, ಕುಟ್ಟುವುದು, ಕುದಿಸುವುದು

ಎಲೆಗಳನ್ನು ನೆರಳಲ್ಲೇ ಒಣಗಿಸಿ. ಹಳೆಯ ಇಳಕಲ್ ಸೀರೆ, ಧೋತರದಂಥ ಮೆತ್ತನೆ ಹತ್ತಿ ಬಟ್ಟೆ ಹಾಸಿ ಒಂದರ ಮೇಲೊಂದು ಬೀಳದಂತೆ ಹರಡಿ. ಪೇಪರ್ ಬೇಡ, ಶಾಯಿ ಹತ್ತುತ್ತದೆ. ದಿನಕ್ಕೆರಡು ಸಲ ಕೈಯಾಡಿಸಿ. ಎಲೆ ಹಿಡಿದರೆ ಬಾಗದೆ ಹಪ್ಪಳದ ಹಾಗೆ ಮುರಿಯಬೇಕು. ಅರೆಬರೆ ಒಣಗಿದ್ದನ್ನು ಡಬ್ಬಿಗೆ ತುಂಬಿದರೆ ಬೂಸ್ಟು ಬರುತ್ತದೆ. ಬೂಸ್ಟು ಬಂದದ್ದನ್ನು ಪೂರ್ತಿ ತಿಪ್ಪೆಗೆ ಹಾಕಿ, ಮೇಲಿನದು ತೆಗೆದು ಕೆಳಗಿನದು ಇಟ್ಟುಕೊಳ್ಳಬೇಡಿ. ಗಾಜಿನ ಬಾಟಲಿ, ಮೇಲೆ ಹೆಸರು ಮತ್ತು ತಾರೀಖು. ಎಲೆಗಳು ಒಂದು ವರ್ಷದ ಮೇಲೆ ಬೇಡ.

ಕುಟ್ಟುವ ಕೆಲಸಕ್ಕೆ ಕಲಬತ್ತು, ಅಂದರೆ ಸಣ್ಣ ಕುಟ್ಟಾಣಿ, ಸಾಕು. ಮಿಕ್ಸಿ ತಪ್ಪು ಅಂತಲ್ಲ, ಆದರೆ ಕುಟ್ಟುವಾಗ ಸಿಗುವ ನಿಧಾನ ಮಿಕ್ಸಿಯಲ್ಲಿ ಸಿಗುವುದಿಲ್ಲ. ಬೀಸುಕಲ್ಲಿನ ಮುಂದೆ ಹಾಡು ಹುಟ್ಟಿದ ನಾಡು ನಮ್ಮದು. ಒಂದು ಏಟಿಗೆ ಒಂದು ಉಸಿರು ಅಂತ ಹಿಡಿದರೆ ಹತ್ತು ನಿಮಿಷದಲ್ಲಿ ಮನಸ್ಸು ತಾನೇ ತಳಕ್ಕೆ ಇಳಿಯುತ್ತದೆ.

ಶುರುಮಾಡುವವರಿಗೆ ಅಡಿಗೆಮನೆಯದೇ ಕಷಾಯಪುಡಿ ಒಳ್ಳೆಯದು, ಗುರುತಿನ ತಂಟೆ ಇಲ್ಲ. ಹವೀಜ (ಕೊತ್ತಂಬರಿ ಬೀಜ) 100 ಗ್ರಾಂ, ಜೀರಿಗೆ 50 ಗ್ರಾಂ, ಬಡೇಸೋಪು (ಸೋಂಪು) 25 ಗ್ರಾಂ, ಒಣಶುಂಠಿ 10 ಗ್ರಾಂ, ಕಾಳುಮೆಣಸು 5 ಗ್ರಾಂ. ಶುಂಠಿ ಬಿಟ್ಟು ಉಳಿದದ್ದನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಒಟ್ಟಿಗೇ ಹಾಕಿದರೆ ಹವೀಜ ಬಿಸಿಯಾಗುವುದರೊಳಗೆ ಜೀರಿಗೆ ಕಪ್ಪಾಗಿರುತ್ತದೆ. ಘಮ ಬಂದ ಕೂಡಲೇ ಇಳಿಸಿ, ಬಣ್ಣ ಬದಲಾಗುವವರೆಗೆ ಕಾಯಬೇಡಿ. ಆರಿದ ಮೇಲೆ ಶುಂಠಿಯ ಜೊತೆ ತರಿಯಾಗಿ ಕುಟ್ಟಿ. ಎರಡು ಕಪ್ ನೀರಿಗೆ ಒಂದು ಚಮಚ ಪುಡಿ ಹಾಕಿ, ಒಂದು ಕಪ್ ಆಗುವವರೆಗೆ ಕುದಿಸಿ ಸೋಸಿ. ಬೆಲ್ಲ, ಹಾಲು ಬೇಕಾದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ.

ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ, ಅಲ್ಯೂಮಿನಿಯಂ ಬೇಡ. ಬೇರು, ತೊಗಟೆ, ಕಾಳುಗಳನ್ನು ಕುದಿಸಬೇಕು. ತುಳಸಿ, ದೊಡ್ಡಪತ್ರೆಯಂಥ ಘಮದ ಎಲೆಗಳನ್ನು ಕುದಿಸಬಾರದು. ಕುದಿದ ನೀರನ್ನು ಇಳಿಸಿ, ಎಲೆ ಹಾಕಿ, ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಡಿ. ಅಡಿಗೆಮನೆ ತುಂಬ ಘಂ ಅಂತ ವಾಸನೆ ಬಂತು ಅಂದರೆ ಕಪ್ಪಿನಲ್ಲಿ ಇರಬೇಕಾದದ್ದು ಗಾಳಿಗೆ ಹೋಯಿತು ಅಂತ ಅರ್ಥ.

ಹೆಜ್ಜೆ 8: ಕುಡಿಯುವುದು, ಮತ್ತು ಯಾವಾಗ ಕುಡಿಯಬಾರದು

ಕೂತು ಕುಡಿಯಿರಿ. ಮೊದಲ ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ. ಹೊಸ ಗಿಡವಾದರೆ ಮೊದಲ ದಿನ ಎರಡು ಚಮಚ, ಅಷ್ಟೇ. ತುರಿಕೆ, ಹೊಟ್ಟೆನೋವು, ತಲೆಸುತ್ತು ಇದೆಯಾ ಅಂತ ಮರುದಿನದವರೆಗೆ ನೋಡಿ. ಒಂದು ಸಲಕ್ಕೆ ಒಂದೇ ಹೊಸ ಗಿಡ. ಐದು ಸೇರಿಸಿ ಕುದಿಸಿ ತೊಂದರೆ ಆದರೆ ಯಾವುದರಿಂದ ಆಯಿತು ಅಂತ ಹುಡುಕಲಾಗದು.

ಈಗ ಅಮೃತಬಳ್ಳಿಯ ಮಾತು. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಕುಡಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಬಳ್ಳಿ ಬಳಸಿರಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ಯಾರು ಸರಿ ಅನ್ನುವ ಜಗಳ ನಮಗೆ ಬೇಡ. ಗುರುತು ತಪ್ಪಿದರೂ ಅಪಾಯ, ಅಳತೆ ತಪ್ಪಿದರೂ ಅಪಾಯ. ವೈದ್ಯರು ಹೇಳಿದರೆ, ಹೇಳಿದಷ್ಟು ದಿನ ಮಾತ್ರ ಸಾಕು. ಯಕೃತ್ತಿನ ತೊಂದರೆ ಇದ್ದವರು ಅದರ ತಂಟೆಗೇ ಹೋಗಬಾರದು. ಯಾವುದೇ ಕಷಾಯ ಕುಡಿಯುವಾಗ ಕಣ್ಣು ಹಳದಿ ಆದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಏನು ಕುಡಿದಿರಿ ಅಂತ ಮುಚ್ಚಿಡದೆ ಹೇಳಿ.

ಲೋಳಸರ ಕತ್ತರಿಸಿದಾಗ ಸೋರುವ ಹಳದಿ ರಸ ಜೋರು ಭೇದಿ ಮಾಡಿಸುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸಿ ಅದನ್ನು ಪೂರ್ತಿ ಸೋರಲು ಬಿಟ್ಟು, ತೊಳೆದು, ಒಳಗಿನ ತಿಳಿ ಲೋಳೆಯನ್ನು ಚರ್ಮಕ್ಕೆ ಹಚ್ಚಿ. ಜ್ಯೇಷ್ಠಮಧುವನ್ನು ಬಹಳ ದಿನ ತಿಂದರೆ ಬಿಪಿ ಏರುತ್ತದೆ. ಬಸುರಿಯರು, ಹಾಲುಣಿಸುವವರು, ದಿನಾ ಗುಳಿಗೆ ತೆಗೆದುಕೊಳ್ಳುವವರು, ಆಪರೇಷನ್ ದಿನ ಗೊತ್ತಾದವರು ಕೇಳದೆ ಏನೂ ಶುರು ಮಾಡಬಾರದು. ಕೂಸಿಗೆ ಬಜಿ (ಬಜೆ ಬೇರು) ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ ಇನ್ನೂ ಇದೆ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೊಡಲೇಬಾರದು. ಬಜಿಯನ್ನೂ ಮಕ್ಕಳ ಡಾಕ್ಟರನ್ನು ಕೇಳದೆ ಕೊಡಬೇಡಿ, ಅತ್ತೆಯವರು ಎಷ್ಟೇ ಹಟ ಹಿಡಿದರೂ.

ಹೆಜ್ಜೆ 9: ಮರಳಿ ಕೊಡುವುದು

ಶೀಗಿ ಹುಣ್ಣಿಮೆಗೆ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ತಿನ್ನುವ ಮುಂಚೆ ಭೂಮಿತಾಯಿಗೆ ಮೊದಲ ತುತ್ತು. ಹೊಲ ಇಲ್ಲದ ಪೇಟೆಯವರು ತಾರಸಿಯ ಕುಂಡಗಳಿಗೇ ಅವತ್ತು ಹೊಸ ಗೊಬ್ಬರ ಹಾಕಬಹುದು. ಕಷಾಯ ಸೋಸಿದ ಚರಟವನ್ನು ಉಪ್ಪು, ಬೆಲ್ಲ ಬೀಳದಿದ್ದರೆ ಗೊಬ್ಬರದ ಕುಣಿಗೆ ಸೇರಿಸಿ.

ತಿಳಿದದ್ದನ್ನೂ ಕೊಡಬೇಕು. ಗಿಡದ ಹೆಸರು ಬಾಯಿಬಿಟ್ಟು ಹೇಳಿದರೆ ಮದ್ದಿನ ಗುಣ ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲಿದೆ. ಮದ್ದಿಗೆ ಹಣ ಮುಟ್ಟದ, ಕಾಯಿ ಕರ್ಪೂರ ಮಾತ್ರ ತೆಗೆದುಕೊಳ್ಳುವ ನಾಟಿವೈದ್ಯರ ಮೇಲೆ ನನಗೆ ಗೌರವ ಇದೆ, ಆದರೆ ಈ ಗುಟ್ಟಿನ ವಿಷಯದಲ್ಲಿ ನಾನು ಅವರ ಜೊತೆ ಇಲ್ಲ. ಗುಟ್ಟು ಇಟ್ಟುಕೊಂಡವರು ಹೋದಾಗ ಗಿಡದ ಹೆಸರೂ ಅವರ ಜೊತೆ ಹೋಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ತಿಳಿವಳಿಕೆ ಎಲ್ಲ ಬರೆದಿಟ್ಟ ದಾಖಲೆ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಅದನ್ನು ತೋರಿಸಿ ಅಂತ ಕೇಳಿ. ಊರ ಹಿರಿಯರಿಗೆ ಗೊತ್ತಿರುವ ಗಿಡ ಅದರಲ್ಲಿ ಬಿಟ್ಟುಹೋಗಿದ್ದರೆ, ಅವರ ಒಪ್ಪಿಗೆ ಪಡೆದು ಸೇರಿಸಿ ಅಂತ ಹೇಳಿ.

ಇನ್ನು ಸಸಿ. ದೊಡ್ಡಪತ್ರೆಯಷ್ಟು ಸುಲಭವಾಗಿ ಹಂಚಬಹುದಾದ ಗಿಡ ಇನ್ನೊಂದಿಲ್ಲ. ಮಿರ್ಗದ (ಮೃಗಶಿರಾ) ಮಳೆ ಹಿಡಿದ ಮೇಲೆ ಗೇಣುದ್ದದ ಗಟ್ಟಿ ದಂಟು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕಡಿದ ಜಾಗ ಆರಲು ಅರ್ಧ ದಿನ ನೆರಳಲ್ಲಿಡಿ. ಹಾಲಿನ ಪಾಕೀಟಿಗೆ ತೂತು ಮಾಡಿ, ಮಣ್ಣು ತುಂಬಿ, ಎರಡು ಗೆಣ್ಣು ಒಳಗೆ ಹೋಗುವಂತೆ ನೆಡಿ. ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ಹೊಸ ಚಿಗುರು ಕಂಡ ಮೇಲೆ ಕೊಡಿ. ಕೊಡುವಾಗ ಪಾಕೀಟಿಗೆ ಒಂದು ಚೀಟಿ ಅಂಟಿಸಿ: ಗಿಡದ ಹೆಸರು, ನೆಟ್ಟ ತಾರೀಖು, ಬೆಳಗಿನ ಬಿಸಿಲು ಸಾಕು, ಬೆರಳು ಹಾಕಿ ನೋಡಿ ನೀರು ಹಾಕಿ.